ಓದುಗರ ಪ್ರಶ್ನೆ: ವ್ಯಾಲ್‌ಹೈಮ್‌ನ ದಡದ ಬೇಸ್ ಪ್ರತಿ ದಾಳಿಗೂ ಕುಸಿಯುತ್ತಿದೆ, ಒಳನಾಡಿಗೆ ಹೋಗಿಬಿಡುವುದೇ?

ಪ್ರಶ್ನೆ: ನಾವು ಮೂವರು ಗೆಳೆಯರು ಒಂದೇ ಸರ್ವರ್‌ನಲ್ಲಿ, ವೈಕಿಂಗ್ ಲೋಕದಲ್ಲಿ ಮನೆ ಕಟ್ಟಿ ಬದುಕುಳಿಯುವ ವ್ಯಾಲ್‌ಹೈಮ್ ಎಂಬ ವಿಡಿಯೊ ಗೇಮ್ ಆಡುತ್ತೇವೆ. ಎಲ್ಡರ್ ಎಂಬ ದೊಡ್ಡ ಶತ್ರುವನ್ನು (ಬಾಸ್) ಸೋಲಿಸಿಯಾಗಿದೆ, ಈಗ ಸ್ವಾಂಪ್ ಎಂಬ ಜೌಗು ಪ್ರದೇಶದಿಂದ ಕಬ್ಬಿಣ ತರಬೇಕು. ಅದಕ್ಕಾಗಿ ಮೆಡೋಸ್ ಎಂಬ ಹುಲ್ಲುಗಾವಲು ಪ್ರದೇಶದ ಸಮುದ್ರದಂಡೆಯಲ್ಲಿ ಬೇಸ್ (ನೆಲೆ) ಕಟ್ಟಿದೆವು. ಮನೆಯ ಅರ್ಧ ಮರಳಿನ ಮೇಲೆ, ಅರ್ಧ ನೀರಿನೊಳಗಿನ ಮರದ ಕಂಬಗಳ ಮೇಲೆ. ಮುಂದೆ ಉದ್ದನೆಯ ಜೆಟ್ಟಿ, ಅದರ ತುದಿಯ ಹಲಗೆಗಳು ಮೊದಲಿನಿಂದಲೂ ಆಧಾರ ಕಡಿಮೆ ಎಂದು ಸೂಚಿಸುವ ಕಿತ್ತಳೆ, ಕೆಂಪು ಬಣ್ಣ ತೋರಿಸುತ್ತಿದ್ದವು. ಭೂಮಿಯ ಕಡೆ ಗೋಡೆ ಹಾಕಿ ಅದರ ಎರಡೂ ತುದಿಗಳನ್ನು ನೀರಿಗೆ ಮುಟ್ಟಿಸಿದ್ದೇವೆ, ವಾರ್ಡ್ ಎಂಬ ಕಾವಲು ಸಾಧನವನ್ನೂ ಇಟ್ಟಿದ್ದೇವೆ. ಆದರೂ ಗ್ರೇಡ್ವಾರ್ಫ್ ಎಂಬ ಕಾಡುಜೀವಿಗಳ ದಾಳಿ ಬಂದಾಗ ಅವು ನೀರಿನ ಕಡೆಯಿಂದ ಒಳಗೆ ಬಂದವು. ಜೆಟ್ಟಿಯ ಅರ್ಧ ಭಾಗ ಒಂದೇ ಸಲಕ್ಕೆ ಕುಸಿಯಿತು, ಕಾರ್ವೆ ಎಂಬ ನಮ್ಮ ಸಣ್ಣ ಹಡಗೂ ಹೋಯಿತು. ನೀರಿನಲ್ಲಿರುವ ಕಂಬಗಳು ಕೊಳೆಯುತ್ತವೆ, ದಡದಲ್ಲಿ ಮರದ ಕಟ್ಟಡ ನಿಲ್ಲುವುದೇ ಇಲ್ಲ ಎಂದು ಒಬ್ಬ ಗೆಳೆಯನ ವಾದ. ಬಿರುಗಾಳಿಯ ರಾತ್ರಿ ಬೆಂಕಿ ಆರಿಹೋಗಿ ಮಲಗಲೂ ಆಗುವುದಿಲ್ಲ. ಎಲ್ಲ ಬಿಟ್ಟು ಒಳನಾಡಿಗೆ ಹೋಗುವುದು ಒಳ್ಳೆಯದೇ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ತೊಂದರೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಜೆಟ್ಟಿ ಬಿದ್ದದ್ದು, ಶತ್ರುಗಳು ನೀರಿನ ಕಡೆಯಿಂದ ಬಂದದ್ದು, ಬೆಂಕಿ ಆರಿದ್ದು. ಮೂರಕ್ಕೂ "ಸಮುದ್ರ" ಕಾರಣ ಎಂದು ಕಾಣುವುದು ಸಹಜ. ಆದರೆ ಮೂರರಲ್ಲಿ ಒಂದಕ್ಕೂ ಸಮುದ್ರ ನೇರ ಕಾರಣವಲ್ಲ. ಹಾಗಾಗಿ ದಡ ಬಿಡುವ ಅಗತ್ಯವಿಲ್ಲ. ಬದಲಿಸಬೇಕಾದದ್ದು ನಿಮ್ಮ ಬೇಸ್‌ನ ಮೂರು ಜಾಗಗಳನ್ನು ಮಾತ್ರ.

ದಡ ಯಾಕೆ ಬೇಕು ಎಂಬುದು ನಿಮಗೆ ಗೊತ್ತು. ಮಾಮೂಲು ಸೆಟ್ಟಿಂಗ್‌ನಲ್ಲಿ ತಾಮ್ರ, ತವರ, ಕಬ್ಬಿಣ ಯಾವುದೂ ಪೋರ್ಟಲ್ (ದೂರದ ಎರಡು ಜಾಗಗಳನ್ನು ಜೋಡಿಸುವ ಮಾಯಾದ್ವಾರ) ದಾಟುವುದಿಲ್ಲ. ಕರಗಿಸಬೇಕಾದ ಕಬ್ಬಿಣದ ಚೂರು, ಅಂದರೆ ಸ್ಕ್ರ್ಯಾಪ್ ಐರನ್, ಒಂದರ ತೂಕ 10. 30ರ ಒಂದು ಗುಂಪು ಎಂದರೆ 300, ಅಂದರೆ ಹೊರೆಯ ಮಿತಿ ಹೆಚ್ಚಿಸುವ ಬೆಲ್ಟ್ ಇಲ್ಲದ ಒಬ್ಬ ಆಟಗಾರನ ಪೂರ್ತಿ ಹೊರೆ. ಅದನ್ನು ಹೊತ್ತು ಕಾಡು ಗುಡ್ಡ ದಾಟುವುದು ಶಿಕ್ಷೆ. ಕಾರ್ವೆಯಲ್ಲಿ 4 ಖಾನೆ, ಎಂದರೆ 120 ಸ್ಕ್ರ್ಯಾಪ್. ದೊಡ್ಡ ಹಡಗಾದ ಲಾಂಗ್‌ಶಿಪ್‌ನಲ್ಲಿ 18 ಖಾನೆ, ಒಂದೇ ಪ್ರಯಾಣಕ್ಕೆ 540. ಹಡಗು ನಿಲ್ಲುವ ಕಡೆಗೂ ಅದಿರು ಕರಗಿಸುವ ಸ್ಮೆಲ್ಟರ್ ಉರಿಯುವ ಕಡೆಗೂ ನಡುವೆ ಹತ್ತು ಹೆಜ್ಜೆ ಮಾತ್ರ ಇರಬೇಕು. ಕಬ್ಬಿಣದ ಕಾಲದಲ್ಲಿ ಬೇಸ್ ಎಲ್ಲಿರಬೇಕು ಎಂಬುದನ್ನು ತೀರ್ಮಾನಿಸುವುದು ಈ ಹತ್ತು ಹೆಜ್ಜೆ.

ಮೊದಲು ನಿಮ್ಮ ಗೆಳೆಯನ ವಾದ ನೋಡೋಣ. ಅರ್ಧ ನಿಜ, ಅರ್ಧ ತಪ್ಪು. ಮಳೆಗೆ ಒಡ್ಡಿಕೊಂಡ ಮರವೂ ನೀರಿನಲ್ಲಿ ಮುಳುಗಿದ ಮರವೂ ಸ್ವಲ್ಪ ಸ್ವಲ್ಪವೇ ಸವೆಯುತ್ತವೆ, ಬಣ್ಣ ಮಾಸಿ ಹಳೆಯ ಹಲಗೆಯಂತೆ ಕಾಣುತ್ತವೆ. ಆದರೆ ಆ ಸವೆತ 50 ಶೇಕಡಕ್ಕೆ ಬಂದು ನಿಂತುಬಿಡುತ್ತದೆ. ಮಳೆಯೊಂದರಿಂದಲೇ ಯಾವ ಕಂಬವೂ ಬೀಳುವುದಿಲ್ಲ, ನೂರು ಮಳೆಗಾಲ ಕಳೆದರೂ ಬೀಳುವುದಿಲ್ಲ. ಇನ್ನೊಂದು ಮಾತು: ತುಂಡಿನ ಆಯಸ್ಸು ಬೇರೆ, ಅದು ಮೇಲಿನ ಕಟ್ಟಡಕ್ಕೆ ಕೊಡುವ ಆಧಾರ ಬೇರೆ. ಅರ್ಧ ಸವೆದ ಕಂಬ ಹೊಸ ಕಂಬದಷ್ಟೇ ಆಧಾರ ಕೊಡುತ್ತದೆ. ಸವೆತದ ನಿಜವಾದ ನಷ್ಟ ಹೊಡೆತದ ಹೊತ್ತಿಗೆ ಗೊತ್ತಾಗುತ್ತದೆ. ನಾಲ್ಕು ಏಟು ತಾಳಬೇಕಾದ ಕಂಬ ಎರಡೇ ಏಟಿಗೆ ಮುರಿಯುತ್ತದೆ. ಸುತ್ತಿಗೆ ಹಿಡಿದು ರಿಪೇರಿ ಮಾಡಲು ಖರ್ಚಿಲ್ಲ, ವರ್ಕ್‌ಬೆಂಚ್ ಎಂಬ ಕೆಲಸದ ಮೇಜು ಹತ್ತಿರವಿದ್ದರೆ ಸಾಕು. ಆದರೆ ನೀರಿನೊಳಗಿನ ಭಾಗ ಮತ್ತೆ ಸವೆಯುತ್ತದೆ, ಅದಕ್ಕೆ ಚಾವಣಿಯೂ ಕೆಲಸಕ್ಕೆ ಬಾರದು. ಕಲ್ಲಿಗೆ ಈ ಸವೆತವೇ ಇಲ್ಲ.

ಇನ್ನೊಂದು ತಪ್ಪು ನಂಬಿಕೆ ಆಟಗಾರರಲ್ಲಿ ವ್ಯಾಪಕವಾಗಿದೆ: ಜೆಟ್ಟಿಯ ಮೇಲೆ ಪೆಟ್ಟಿಗೆ, ಅದಿರು ಹೆಚ್ಚಾಯಿತು, ಭಾರಕ್ಕೆ ಕುಸಿಯಿತು ಎಂಬುದು. ಈ ಆಟದಲ್ಲಿ ಕಟ್ಟಡಕ್ಕೆ ಭಾರದ ಲೆಕ್ಕವೇ ಇಲ್ಲ. ನೆಲದಿಂದ ಎಷ್ಟು ದೂರ ಎಂಬ ಲೆಕ್ಕ ಮಾತ್ರ ಇದೆ. ನೆಲ ಮುಟ್ಟಿದ ತುಂಡು ನೀಲಿ. ಅಲ್ಲಿಂದ ಒಂದೊಂದು ತುಂಡು ದಾಟಿದಂತೆ ಆಧಾರ ಕಡಿಮೆಯಾಗುತ್ತ ಹಸಿರು, ಹಳದಿ, ಕಿತ್ತಳೆ, ಕೆಂಪು. ಅದಕ್ಕೂ ಆಚೆ ಇಟ್ಟ ತುಂಡು ಇಟ್ಟ ಕೂಡಲೇ ಒಡೆದು ಬೀಳುತ್ತದೆ. ಸಾಮಾನ್ಯ ಮರ ಮೇಲಕ್ಕೆ ಹೋಗುವಾಗ ಒಂದೊಂದು ಹಂತಕ್ಕೂ 12.5 ಶೇಕಡ ಕಳೆದುಕೊಂಡರೆ, ಅಡ್ಡಕ್ಕೆ ಚಾಚುವಾಗ 20 ಶೇಕಡ ಕಳೆದುಕೊಳ್ಳುತ್ತದೆ. ಜೆಟ್ಟಿ ಎಂದರೆ ಪೂರ್ತಿ ಅಡ್ಡ ಚಾಚುವ ಕೆಲಸ. ಅದಕ್ಕೇ ಮನೆಗಿಂತ ಜೆಟ್ಟಿ ಬೇಗ ಕೆಂಪಾಗುತ್ತದೆ.

ನಿಮ್ಮ ಜೆಟ್ಟಿಯ ತುದಿ ಕೆಂಪು ತೋರಿಸುತ್ತಿತ್ತು ಎಂದಿದ್ದೀರಿ. ಅದರ ಅರ್ಥ, ಆ ಹಲಗೆಗಳಿಗೆ ಆಧಾರ ತಮ್ಮ ಕೆಳಗಿನ ತಳದಿಂದ ಬರುತ್ತಿರಲಿಲ್ಲ, ಹಿಂದೆ ದಡದ ಹತ್ತಿರವಿದ್ದ ಒಂದೋ ಎರಡೋ ಕಂಬಗಳಿಂದ ಸರಪಳಿಯಂತೆ ಬರುತ್ತಿತ್ತು. ಗ್ರೇಡ್ವಾರ್ಫ್ ಆ ಒಂದು ಕಂಬ ಮುರಿದ ಕ್ಷಣಕ್ಕೆ ಅದರಾಚೆಯ ಸರಪಳಿಯೆಲ್ಲ ಒಟ್ಟಿಗೆ ಬಿತ್ತು. ಅವು ಇಡೀ ಜೆಟ್ಟಿ ಒಡೆಯಲಿಲ್ಲ, ಒಂದು ಕಂಬ ಒಡೆದವು. ಬಿರುಗಾಳಿಯ ಅಲೆಯೂ ಕಟ್ಟಡವನ್ನು ಒಡೆಯುವುದಿಲ್ಲ, ಅದರ ಮೇಲೆ ಅನುಮಾನ ಬೇಡ.

ಇನ್ನು ಹೊಸ ಜೆಟ್ಟಿ. ಹಳೆಯದರಲ್ಲಿ ಉಳಿದ ತುಂಡುಗಳನ್ನು ಸುತ್ತಿಗೆಯಿಂದ ಬಿಚ್ಚಿ, ಹಾಕಿದ ಸಾಮಗ್ರಿ ಪೂರ್ತಿ ವಾಪಸ್ ಸಿಗುತ್ತದೆ. ಕಂಬಕ್ಕೂ ತೊಲೆಗೂ ಬ್ಲ್ಯಾಕ್ ಫಾರೆಸ್ಟ್ ಎಂಬ ದಟ್ಟ ಕಾಡಿನ ಪೈನ್ ಮರದಿಂದ ಸಿಗುವ ಕೋರ್ ವುಡ್ ಬಳಸಿ. ಅದು ಸಾಮಾನ್ಯ ಮರಕ್ಕಿಂತ ಹೆಚ್ಚು ಆಧಾರ ಹಿಡಿಯುತ್ತದೆ, 4 ಮೀಟರ್ ಉದ್ದದ ತುಂಡುಗಳಿರುವುದರಿಂದ ಜೋಡಣೆಯೂ ಕಡಿಮೆ. ನೆನಪಿಡಬೇಕಾದ ನಿಯಮ ಒಂದೇ: ಪ್ರತಿ 4 ಮೀಟರಿಗೆ ಒಂದು ಜೋಡಿ ಕಂಬ, ಪ್ರತಿ ಕಂಬವೂ ಸಮುದ್ರದ ತಳ ಮುಟ್ಟಿರಬೇಕು.

ಈಜುತ್ತ ಇರುವಾಗ ಕೈಯಲ್ಲಿ ಸುತ್ತಿಗೆ ಹಿಡಿಯಲಾಗುವುದಿಲ್ಲವಾದ್ದರಿಂದ ಆಳದಲ್ಲಿ ಕಂಬ ನೆಡುವುದು ಹೇಗೆ ಎಂದು ಹಲವರು ಕೈಚೆಲ್ಲುತ್ತಾರೆ. ದಾರಿ ಹೀಗೆ. ದಡದಲ್ಲಿ 4 ಮೀಟರ್ ಅಂತರದಲ್ಲಿ ಎರಡು ಕಂಬ ನೆಟ್ಟು ಮೇಲೆ ಅಡ್ಡತೊಲೆ ಕೂರಿಸಿ. ಅಲ್ಲಿಂದ ನೀರಿನ ಕಡೆಗೆ 4 ಮೀಟರ್ ತೊಲೆಗಳನ್ನು ಚಾಚಿ, ಅದರ ಮೇಲೆ 2 ಮೀಟರ್ ಹಲಗೆ ಹಾಸಿ, ಆ ಹಲಗೆಯ ತುದಿಗೆ ಹೋಗಿ ನಿಲ್ಲಿ. ಈಗ ಚಾಚಿದ ತೊಲೆಯ ತುದಿಯಿಂದ ಕಂಬವನ್ನು ಕೆಳಮುಖವಾಗಿ ಸಿಕ್ಕಿಸಿ. ಅದು ನೀರಿನೊಳಗೆ ನೇತಾಡುತ್ತದೆ. ಅದರ ಕೆಳತುದಿಗೆ ಇನ್ನೊಂದು. ನೀರು ಕದಡಿದಂತಿದ್ದು ತುದಿ ಮಸುಕಾಗಿ ಕಾಣುತ್ತದೆ, ಆದ್ದರಿಂದ ಕಣ್ಣನ್ನು ನಂಬಬೇಡಿ, ಬಣ್ಣವನ್ನು ನಂಬಿ. ಸುತ್ತಿಗೆ ಹಿಡಿದು ಕಂಬದ ಕಡೆ ನೋಡಿದಾಗ ಹಸಿರು ಅಥವಾ ಹಳದಿ ಇದ್ದರೆ ಅದು ಇನ್ನೂ ತಳ ಮುಟ್ಟಿಲ್ಲ. ತಳಕ್ಕೆ ಹೊಕ್ಕ ಕ್ಷಣ ನೀಲಿಯಾಗುತ್ತದೆ, ಜೊತೆಗೆ ಮೇಲಿನ ತೊಲೆಯ ಬಣ್ಣವೂ ಸುಧಾರಿಸುತ್ತದೆ. ತಳ ಮುಟ್ಟದೆ ನೇತಾಡುವ ಕಂಬ ನೋಡಲು ಆಧಾರದಂತೆ ಇರುತ್ತದೆ, ಆದರೆ ಅದಕ್ಕೇ ಮೇಲಿನ ತೊಲೆ ಆಧಾರ ಕೊಡುತ್ತಿರುತ್ತದೆ. ದಡದ ಬೇಸ್‌ಗಳಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಇದು. ನಿಮ್ಮ ಹಳೆಯ ಜೆಟ್ಟಿಯಲ್ಲೂ ಇದೇ ಆಗಿರುವ ಸಾಧ್ಯತೆ ಹೆಚ್ಚು.

16 ಮೀಟರ್ ಉದ್ದ, 4 ಮೀಟರ್ ಅಗಲದ ಜೆಟ್ಟಿಗೆ 16 ಹಲಗೆ ಬೇಕು, ಒಂದಕ್ಕೆ 2ರಂತೆ 32 ಮರ. ಐದು ಜೋಡಿ ಕಂಬ, ಒಂದೊಂದು ಕಡೆ 4 ಮೀಟರಿನ ಎರಡು ತುಂಡು ಹಿಡಿದರೆ 20 ತುಂಡು, ಅದಕ್ಕೆ 40 ಕೋರ್ ವುಡ್. ಅಡ್ಡ ಉದ್ದ ತೊಲೆಗಳು 13, ಇನ್ನೊಂದು 26. ಒಟ್ಟು 66 ಕೋರ್ ವುಡ್ ಜೇಬಲ್ಲಿಟ್ಟು ಹೊರಟರೆ ಮಧ್ಯದಲ್ಲಿ ಕಾಡಿಗೆ ಓಡಬೇಕಾಗಿಲ್ಲ. ಸ್ವಾಂಪ್‌ನಿಂದ ಮೊದಲ ಕಬ್ಬಿಣ ಬಂದ ಕೂಡಲೇ 2 ಕಬ್ಬಿಣ, 10 ಮರ, 4 ಕಲ್ಲು ಹಾಕಿ ಕಲ್ಲಿನ ಕಟ್ಟಡಕ್ಕೆ ಬೇಕಾದ ಸ್ಟೋನ್‌ಕಟರ್ ಮಾಡಿಕೊಳ್ಳಿ, ದಡಕ್ಕೆ ಹತ್ತಿರದ ಕಂಬಗಳ ಜಾಗಕ್ಕೆ ಕಲ್ಲಿನ ಕಂಬ ನಿಲ್ಲಿಸಿ. ದಾಳಿಯಲ್ಲಿ ಹೊಡೆತ ಬೀಳುವುದು ಅವುಗಳಿಗೇ. ಕಲ್ಲಿನ ಆಧಾರಶಕ್ತಿ ಮರಕ್ಕಿಂತ ಎಷ್ಟೋ ಪಾಲು ಹೆಚ್ಚು, ಅದರ ಮೇಲೆ ಕೂತ ಮರ ನೆಲದ ಮೇಲೆಯೇ ಕೂತಂತೆ ಲೆಕ್ಕ. ಆದರೆ ಕಲ್ಲು ಅಡ್ಡಕ್ಕೆ ಚಾಚುವುದಿಲ್ಲ. ಕಲ್ಲಿನ ಕಂಬ, ಮರದ ತೊಲೆ, ಮರದ ಹಲಗೆ, ಇದು ಸರಿಯಾದ ಜೋಡಿ. ಇಡೀ ಜೆಟ್ಟಿಯನ್ನೇ ಕಲ್ಲಿನಲ್ಲಿ ಮಾಡಹೊರಟವರು ನಡುವೆ ಕಮಾನು ಕಟ್ಟಿ ಕಟ್ಟಿ ಸುಸ್ತಾಗುತ್ತಾರೆ.

ಈಗ ಎಲ್ಲಕ್ಕಿಂತ ಮುಖ್ಯವಾದ ವಿಷಯ: ಅವು ನೀರಿನ ಕಡೆಯಿಂದ ಬಂದದ್ದು.

ದಡದಲ್ಲಿ ಬೇಸ್ ಕಟ್ಟುವವರು ಹೆಚ್ಚಿನವರು ಹೀಗೆ ಯೋಚಿಸುತ್ತಾರೆ: ಮೂರು ಕಡೆ ಗೋಡೆ ಸಾಕು, ನಾಲ್ಕನೆಯದನ್ನು ಸಮುದ್ರ ಕಾಯುತ್ತದೆ. ಆದರೆ ಗ್ರೇಡ್ವಾರ್ಫ್‌ಗಳಿಗೆ ಈಜು ಬರುತ್ತದೆ. ಟ್ರೋಲ್ ಎಂಬ ದೈತ್ಯ ಸೊಂಟದ ನೀರಿನಲ್ಲಿ ಆರಾಮವಾಗಿ ನಡೆದು ಬರುತ್ತದೆ. ನಿಮ್ಮ ಗೋಡೆಯ ತುದಿ ನೀರಿಗೆ ಮುಟ್ಟಿದಲ್ಲಿ ಅವು ಎರಡು ಮೀಟರ್ ಈಜಿ, ತಿರುಗಿ, ನಿಮ್ಮ ಮನೆ ಮುಂದಿನ ಮರಳಿನ ಮೇಲೆ ಎದ್ದು ನಿಂತಿರುತ್ತವೆ. ನೀರು ಅವುಗಳನ್ನು ತಡೆಯುವುದಿಲ್ಲ, ತಡೆಯುವುದು ಹತ್ತಲಾಗದ ದಂಡೆ. ಇಳಿಜಾರಾದ ಮರಳಿನ ದಡವೇ ನಿಮ್ಮ ಬೇಸ್‌ನ ತೆರೆದ ಬಾಗಿಲು. ಗೋಡೆ ಎಷ್ಟು ಗಟ್ಟಿ ಮಾಡಿದರೂ ಆ ಇಳಿಜಾರು ಇರುವವರೆಗೆ ಪ್ರಯೋಜನವಿಲ್ಲ.

ಆದ್ದರಿಂದ ದಡವನ್ನು ಕಡಿದಾಗಿಸಬೇಕು. ಎರಡು ಉಪಕರಣ ಸಾಕು: ಪಿಕಾಸಿ, ಮತ್ತು ಆಟದಲ್ಲಿ ಹೋ ಎಂದು ಕರೆಯುವ ಗುದ್ದಲಿ. ಗುದ್ದಲಿಗೆ 5 ಮರ, 2 ಕಲ್ಲು. ನೆಲ ಸಮ ಮಾಡಲು ಖರ್ಚಿಲ್ಲ, ಒಂದು ಸಲ ನೆಲ ಎತ್ತಲು 4 ಕಲ್ಲು. ಯಾವುದೇ ಜಾಗವನ್ನು ಅದರ ಮೂಲ ಎತ್ತರದಿಂದ 8 ಮೀಟರ್ ಮೇಲಕ್ಕೋ ಕೆಳಕ್ಕೋ ಮಾತ್ರ ಒಯ್ಯಬಹುದು. ಕಲ್ಲು ಸಾಕಷ್ಟು ಬೇಕಾಗುತ್ತದೆ, ದೊಡ್ಡ ಬಂಡೆ ಇರುವ ಕಡೆ ಪಿಕಾಸಿ ಹಿಡಿದು ಒಬ್ಬರು ಒಂದು ಗಂಟೆ ಕೂತರೆ ಆಯಿತು.

ನೀರಂಚಿನಲ್ಲಿ ನಿಂತು, ಬೇಸ್‌ನ ಒಳಗಿನ ನೆಲವನ್ನು ನೀರಿನ ಮಟ್ಟದಿಂದ ಕನಿಷ್ಠ 3 ಮೀಟರ್ ಎತ್ತರಕ್ಕೆ ಎತ್ತಿ. ನಂತರ ನೀರಿನ ಕಡೆಯ ಅಂಚನ್ನು ಪಿಕಾಸಿಯಿಂದ ನೆಟ್ಟಗೆ ಕಡಿಯಿರಿ, ಕೆಳಗೆ ಕಾಲೂರಲು ಮೆಟ್ಟಿಲಿನಂಥ ಅಂಚು ಉಳಿಯದಂತೆ ನೋಡಿ. ಇಲ್ಲಿ ಒಂದು ಅಡಚಣೆ ಇದೆ. ನೀರು ಎದೆಮಟ್ಟ ದಾಟಿ ನೀವು ಈಜಲು ಶುರುವಿಟ್ಟರೆ ಪಿಕಾಸಿ ಬೀಸಲಾಗುವುದಿಲ್ಲ. ಆಳ ತೋಡಿ ದಂಡೆ ಮಾಡುವುದಕ್ಕೆ ಒಂದು ಮಿತಿಯಿದೆ ಎಂದಾಯಿತು. ಹಾಗಾಗಿ ಆಳದ ಆಸೆ ಬಿಟ್ಟು ಒಳಗಿನ ನೆಲವನ್ನೇ ಎತ್ತರಿಸುವುದು ಜಾಣತನ. ಕೆಲಸ ಮುಗಿದ ಮೇಲೆ ನೀವೇ ನೀರಿಗೆ ಇಳಿದು ದಂಡೆಯುದ್ದಕ್ಕೂ ಈಜಿ, ಎಲ್ಲಾದರೂ ಹತ್ತಲಾಗುತ್ತದೆಯೇ ಎಂದು ಪರೀಕ್ಷಿಸಿ. ನೀವು ಹತ್ತಿದಲ್ಲಿ ಗ್ರೇಡ್ವಾರ್ಫ್ ಕೂಡ ಹತ್ತುತ್ತದೆ.

ಭೂಮಿಯ ಕಡೆಗೂ ಇದೇ ಉಪಾಯ. ಮರದ ಗೋಡೆಗಿಂತ ಕಂದಕ ಮೇಲು, ಏಕೆಂದರೆ ದಾಳಿಗೆ ಬರುವ ಈ ಜೀವಿಗಳು ಗೋಡೆ ಒಡೆಯುತ್ತವೆಯೇ ಹೊರತು ಮಣ್ಣು ಅಗೆಯುವುದಿಲ್ಲ. ದಡದಲ್ಲಿ ನಿಮಗೊಂದು ಅನುಕೂಲವೂ ಇದೆ. ಈ ಆಟದಲ್ಲಿ ನೀರು ಹರಿದು ಬರುವುದಿಲ್ಲ, ಇಡೀ ಲೋಕಕ್ಕೆ ಒಂದೇ ನೀರಿನ ಮಟ್ಟ. ನೆಲ ಆ ಮಟ್ಟಕ್ಕಿಂತ ಕೆಳಗಿಳಿದಲ್ಲೆಲ್ಲ ನೀರು ತಾನಾಗಿ ಕಾಣಿಸಿಕೊಳ್ಳುತ್ತದೆ, ಸಮುದ್ರಕ್ಕೆ ಕಾಲುವೆ ಕಡಿಯಬೇಕಾಗಿಲ್ಲ. ಉಬ್ಬರ ಇಳಿತವೂ ಇಲ್ಲ, ಒಮ್ಮೆ ಬಂದ ನೀರು ಅಲ್ಲೇ ಇರುತ್ತದೆ. ನೀರಿನ ಕಂದಕದಿಂದ ಒಂದು ನಿರ್ದಿಷ್ಟ ಲಾಭ: ಗಂಧಕದ ವಾಸನೆ ಬರುತ್ತಿದೆ ಎಂಬ ಸೂಚನೆಯೊಂದಿಗೆ ಬರುವ ಸರ್ಟ್ಲಿಂಗ್ ದಾಳಿಯಲ್ಲಿ ಆ ಬೆಂಕಿಜೀವಿಗಳು ನೀರು ತಾಗಿ ತಾವಾಗಿಯೇ ಸಾಯುತ್ತವೆ, ಕಲ್ಲಿದ್ದಲನ್ನೂ ಸರ್ಟ್ಲಿಂಗ್ ಕೋರ್ ಎಂಬ ವಸ್ತುಗಳನ್ನೂ ಬಿಟ್ಟು ಹೋಗುತ್ತವೆ. ಆದರೆ ಗ್ರೇಡ್ವಾರ್ಫ್ ಮಟ್ಟಿಗೆ ಒಣ ಕಂದಕವೋ ನೀರಿನ ಕಂದಕವೋ ಮುಖ್ಯವಲ್ಲ, ಒಳದಂಡೆ ಕಡಿದಾಗಿದೆಯೇ ಎಂಬುದಷ್ಟೇ ಮುಖ್ಯ.

ಕಂದಕಕ್ಕೂ ಮೊದಲ ಕಟ್ಟಡಕ್ಕೂ ನಡುವೆ 6ರಿಂದ 8 ಮೀಟರ್ ಖಾಲಿ ಜಾಗ ಬಿಡಿ. ಟ್ರೋಲ್‌ನ ಕೈ ಉದ್ದ, ಕಂದಕದ ಆಚೆ ನಿಂತೇ ಗೋಡೆಗೆ ಏಟು ಹಾಕುತ್ತದೆ. ಅದಕ್ಕೆ 600 ಪ್ರಾಣಬಲ, ಮರದ ಗೋಡೆಗೆ ಅದರ ಎದುರು ಹೆಚ್ಚು ಹೊತ್ತು ನಿಲ್ಲುವ ಶಕ್ತಿಯಿಲ್ಲ. ಗ್ರೇಡ್ವಾರ್ಫ್‌ಗಳು ದೂರದಿಂದ ಕಲ್ಲೂ ಎಸೆಯುತ್ತವೆ.

ಒಂದು ಬಾಗಿಲು ಮಾತ್ರ ಬೇಕೆಂದೇ ಬಿಡಿ. ಇದು ಹಲವರಿಗೆ ವಿಚಿತ್ರ ಅನಿಸುತ್ತದೆ. ನಿಮ್ಮನ್ನು ತಲುಪಲು ದಾರಿಯೇ ಸಿಗದ ಜೀವಿ ಸುಮ್ಮನೆ ನಿಲ್ಲುವುದಿಲ್ಲ, ಕೈಗೆ ಸಿಕ್ಕ ಕಟ್ಟಡದ ಕಡೆ ತಿರುಗುತ್ತದೆ. ನಿಮ್ಮ ಜೆಟ್ಟಿಯ ಕಂಬಕ್ಕೂ ಕಾರ್ವೆಗೂ ಆದದ್ದು ಅದೇ. ಭೂಮಿಯ ಕಡೆ, ಜೆಟ್ಟಿಯಿಂದ ಆದಷ್ಟು ದೂರದಲ್ಲಿ, ಎರಡು ಮೀಟರ್ ಅಗಲದ ಮಣ್ಣಿನ ದಾರಿಯೊಂದನ್ನು ಕಂದಕದ ಮೇಲೆ ಉಳಿಸಿ. ಅದರ ಕೊನೆಯಲ್ಲಿ ಬಾಗಿಲು, ಎರಡೂ ಪಕ್ಕದಲ್ಲಿ ಶಾರ್ಪ್ ಸ್ಟೇಕ್ಸ್ ಎಂಬ ಚೂಪು ಗೂಟಗಳು. ದಾಳಿ ಶುರುವಾದಾಗ ಬಾಗಿಲು ತೆರೆದು ಇಬ್ಬರು ಅಲ್ಲಿ ಗುರಾಣಿ ಹಿಡಿದು ನಿಂತರೆ ಎಲ್ಲವೂ ಆ ದಾರಿಗೇ ಬರುತ್ತವೆ. ಇದರ ಅಪಾಯ ಏನೆಂದರೆ, ಬಾಗಿಲಲ್ಲಿ ನಿಂತವರು ಸತ್ತರೆ ಒಳಗಿನ ದಾರಿ ಪೂರ್ತಿ ತೆರೆದಿರುತ್ತದೆ. ಊಟ ಮಾಡಿ, ವಿಶ್ರಾಂತಿಯಿಂದ ಸಿಗುವ ರೆಸ್ಟೆಡ್ ಬಲ ಇಟ್ಟುಕೊಂಡೇ ನಿಲ್ಲಬೇಕು.

ವಾರ್ಡ್ ಬಗ್ಗೆ ಒಂದೇ ಮಾತು: ಅದು ಇತರ ಆಟಗಾರರಿಂದ ಬಾಗಿಲು, ಪೆಟ್ಟಿಗೆ ಕಾಯುವ ಸಾಧನ. ದಾಳಿ ತಡೆಯುವ ಶಕ್ತಿ ಅದಕ್ಕಿಲ್ಲ. ಆ ಕೆಲಸ ಮಾಡುವುದು, ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳದ ವರ್ಕ್‌ಬೆಂಚ್. ಒಂದಕ್ಕೆ 10 ಮರ. ಅದರ ಸುತ್ತ 20 ಮೀಟರ್ ಒಳಗೆ ಶತ್ರುಗಳು ಹುಟ್ಟುವುದಿಲ್ಲ. ನಿಮ್ಮ ಬೇಸ್‌ನ ಎರಡೂ ಪಕ್ಕಗಳಲ್ಲಿ ದಡದ ಉದ್ದಕ್ಕೂ ಸುಮಾರು 30 ಮೀಟರಿಗೆ ಒಂದರಂತೆ ಇಟ್ಟರೆ, ಒಂದರ ವೃತ್ತ ಇನ್ನೊಂದನ್ನು ಮುಟ್ಟುತ್ತದೆ, ದಾಳಿಯ ಜೀವಿಗಳು ದೂರದಲ್ಲಿ ಹುಟ್ಟಿ ನಡೆದು ಬರಬೇಕಾಗುತ್ತದೆ. ನಿಮಗೆ ಸಿದ್ಧವಾಗಲು ಸಮಯ ಸಿಗುತ್ತದೆ. ಮರಳಿನಲ್ಲಿ ಹುಟ್ಟಿ ಕಾಲು ಕಚ್ಚುವ ನೆಕ್ ಎಂಬ ಸಣ್ಣ ಹಲ್ಲಿಯಂಥ ಜೀವಿಗಳ ಕಾಟವೂ ತಪ್ಪುತ್ತದೆ. ಚಾವಣಿ ಇಲ್ಲದಿದ್ದರೂ ಈ ಕೆಲಸಕ್ಕೆ ತೊಂದರೆಯಿಲ್ಲ. ಒಂಟಿ ಬೆಂಚನ್ನು ಅಲೆದಾಡುವ ಜೀವಿ ಒಡೆದುಹಾಕಬಹುದು, ಆಗಾಗ ಒಮ್ಮೆ ಸುತ್ತು ಹಾಕಿ ನೋಡಿ.

ಹಡಗಿನ ವಿಷಯ. ಜೆಟ್ಟಿಯ ಪಕ್ಕದಲ್ಲಿ ಹಡಗು ಉಜ್ಜದಂತೆ ಎರಡೂ ಬದಿಗೆ ಒಂದು ಹಲಗೆಯಷ್ಟು, ಎಂದರೆ 2 ಮೀಟರ್ ನೀರು ಬಿಡಿ. ತಳ ತಾಗಿದರೂ ಅಲೆಗೆ ಏರಿ ಕುಕ್ಕಿದರೂ ಹಡಗು ಸವೆಯುತ್ತದೆ. ದಡ ತೀರಾ ಆಳವಿಲ್ಲದಿದ್ದರೆ ತಳ ತೋಡಲು ಹೋಗಬೇಡಿ, ಜೆಟ್ಟಿಯನ್ನೇ ಇನ್ನೊಂದು 4 ಮೀಟರ್ ಮುಂದಕ್ಕೆ ಒಯ್ಯಿರಿ. ದಡದ ಬುಡದ ವರ್ಕ್‌ಬೆಂಚ್‌ನ 20 ಮೀಟರ್ ವ್ಯಾಪ್ತಿ ಹಡಗು ನಿಲ್ಲುವ ಜಾಗದವರೆಗೂ ತಲುಪಲಿ, ಆಗ ಸುತ್ತಿಗೆಯಿಂದ ಅಲ್ಲೇ ರಿಪೇರಿ ಆಗುತ್ತದೆ. ಕಾರ್ವೆಯ ಆಯಸ್ಸು 500, ಲಾಂಗ್‌ಶಿಪ್‌ನದು 1000. ದಾಳಿಯ ಸೂಚನೆ ಬಂದರೆ ನಿಮ್ಮ ಮೂವರಲ್ಲಿ ಒಬ್ಬರು ಹಡಗು ಬಿಚ್ಚಿ ನೀರಿನ ಕಡೆಗೆ ಹೋಗಿಬಿಡುವುದು ಒಳ್ಳೆಯ ಉಪಾಯ, ಉಳಿದ ಇಬ್ಬರು ಬಾಗಿಲಲ್ಲಿ ನಿಲ್ಲಲಿ. ಮೂವರೂ ಹಡಗು ಹತ್ತಿ ಓಡಿದರೆ ದಾಳಿ ಮುಗಿಯುವುದಿಲ್ಲ. ದಾಳಿಯ ವ್ಯಾಪ್ತಿ ಸುಮಾರು 96 ಮೀಟರ್. ಅದರೊಳಗೆ ಯಾರೂ ಇಲ್ಲದಿದ್ದರೆ ಗಡಿಯಾರ ನಿಲ್ಲುತ್ತದೆ, ನೀವು ವಾಪಸ್ ಬಂದಾಗ ಅಲ್ಲಿಂದಲೇ ಮುಂದುವರಿಯುತ್ತದೆ. ಒಡೆದುಹೋದ ಕಾರ್ವೆಯ ಸಾಮಗ್ರಿ ಅಲ್ಲೇ ಉದುರಿರುತ್ತದೆ, ಆಳವಿಲ್ಲದ ಜಾಗವಾಗಿದ್ದರೆ ನಡೆದಾಡಿ ಹುಡುಕಿ. 80 ಕಂಚಿನ ಮೊಳೆ ಮತ್ತೆ ಮಾಡುವುದು ಸಣ್ಣ ಕೆಲಸವಲ್ಲ.

ಬೆಂಕಿ ಆರುವುದಕ್ಕೆ ಮೂರು ಕಾರಣಗಳಿವೆ, ಬಿರುಗಾಳಿಯಲ್ಲಿ ಮೂರೂ ಒಟ್ಟಿಗೆ ಬರಬಹುದು. ಮೇಲೆ ಚಾವಣಿ ಇಲ್ಲದಿದ್ದರೆ ಮಳೆಗೆ ಆರುತ್ತದೆ. ಚಾವಣಿ ಇದ್ದರೂ ಸುತ್ತ ಸಾಕಷ್ಟು ಗೋಡೆ ಇಲ್ಲದಿದ್ದರೆ ಜೋರು ಗಾಳಿಗೆ ಆರುತ್ತದೆ. ನೀರಿನ ಮಟ್ಟಕ್ಕೆ ತೀರಾ ಹತ್ತಿರವಿದ್ದರೆ, ಅಲೆ ಉಬ್ಬಿ ಬೆಂಕಿಯ ಮಟ್ಟ ದಾಟಿದಾಗಲೂ ಆರುತ್ತದೆ. ಕ್ಯಾಂಪ್‌ಫೈರ್ ಮರದ ಹಲಗೆಯ ಮೇಲೆ ಕೂರುವುದಿಲ್ಲ. ನೀವು ಅದನ್ನು ಮನೆಯ ಕೆಳಗಿನ ಮರಳಿನಲ್ಲಿ, ನೀರಂಚಿಗೆ ಇಟ್ಟಿರಬೇಕು. ಹಾಸಿಗೆಗೆ ಹತ್ತಿರದಲ್ಲಿ ಉರಿಯುವ ಬೆಂಕಿ ಬೇಕು, ಮೇಲೆ ಚಾವಣಿ, ಸುತ್ತ ಗೋಡೆ ಬೇಕು, ನಿಮ್ಮ ಮೈ ಒದ್ದೆಯಾಗಿರಬಾರದು. ನೀರಿನ ಮೇಲಿನ ಮನೆಯಲ್ಲಿ ಈ ನಾಲ್ಕರಲ್ಲಿ ಒಂದಲ್ಲ ಒಂದು ತಪ್ಪುತ್ತಲೇ ಇರುತ್ತದೆ.

ಅದಕ್ಕೆ ನನ್ನ ಸಲಹೆ ಸ್ಪಷ್ಟ: ಮಲಗುವ ಮನೆಯನ್ನು ಪೂರ್ತಿಯಾಗಿ ಎತ್ತರಿಸಿದ ಮಣ್ಣಿನ ಮೇಲೆ ಕಟ್ಟಿ. ಮರದ ನೆಲ ಹಾಸುವಾಗ ಮಧ್ಯದಲ್ಲಿ ಒಂದು ಹಲಗೆಯ ಜಾಗ ಬಿಟ್ಟು, ಗುದ್ದಲಿಯಿಂದ ಅಲ್ಲಿನ ಮಣ್ಣನ್ನು ಹಲಗೆಯ ಮಟ್ಟಕ್ಕೆ ಎತ್ತಿ ಅದರ ಮೇಲೆ ಬೆಂಕಿ ಹೂಡಿ, 5 ಕಲ್ಲು, 2 ಮರ. ಚಾವಣಿಯಲ್ಲಿ ಹೊಗೆ ಹೋಗಲು ಕಿಂಡಿ ಬಿಡಿ, ಮಳೆ ನೇರ ಬೀಳದಂತೆ ಅದರ ಮೇಲೆ ಒಂದು ಮೀಟರ್ ಎತ್ತರದಲ್ಲಿ ಸಣ್ಣ ಮುಚ್ಚಿಗೆ ಇರಲಿ. ಕಿಂಡಿ ಮರೆತರೆ ಹೊಗೆ ತುಂಬಿ ಪ್ರಾಣಕ್ಕೇ ಕುತ್ತು. ಜೆಟ್ಟಿಯ ಹಲಗೆ ಶಾಂತ ನೀರಿನಿಂದ ಕನಿಷ್ಠ 2 ಮೀಟರ್ ಮೇಲಿರಲಿ. ಆಳವಿಲ್ಲದ ಕೊಲ್ಲಿಯಲ್ಲಿ ಅಲೆ ಸಣ್ಣದು, ಆಳವಾದ ತೆರೆದ ನೀರಿನಲ್ಲಿ ದೊಡ್ಡದು, ಆದ್ದರಿಂದ ತೆರೆದ ಸಮುದ್ರದ ಕಡೆ ಮುಖ ಮಾಡಿದ್ದರೆ ಇನ್ನೊಂದು ಮೀಟರ್ ಸೇರಿಸಿ. ಸ್ಮೆಲ್ಟರ್, ಕಲ್ಲಿದ್ದಲಿನ ಗೂಡು ಎರಡನ್ನೂ ಜೆಟ್ಟಿ ಮುಗಿಯುವ ಬುಡದಲ್ಲೇ, ಎತ್ತರಿಸಿದ ನೆಲದ ಮೇಲೆ ಇಡಿ. ಒಂದು ಅದಿರಿಗೆ 2 ಕಲ್ಲಿದ್ದಲು ಬೇಕಾಗುವುದರಿಂದ ಎರಡೂ ಪಕ್ಕಪಕ್ಕ ಇರಬೇಕು.

ಇನ್ನು ಒಳನಾಡಿಗೆ ಹೋಗುವ ಪ್ರಶ್ನೆ. ದಾಳಿ ಜಾಗ ನೋಡಿ ಬರುವುದಿಲ್ಲ, ಆಟಗಾರ ಇರುವ ಬೇಸ್ ನೋಡಿ ಬರುತ್ತದೆ. ಮಾಮೂಲು ಸೆಟ್ಟಿಂಗ್‌ನಲ್ಲಿ ಪ್ರತಿ 46 ನಿಮಿಷಕ್ಕೊಮ್ಮೆ 20 ಶೇಕಡ ಸಾಧ್ಯತೆ. ನಿಮ್ಮ ಸುತ್ತ 40 ಮೀಟರಿನೊಳಗೆ ವರ್ಕ್‌ಬೆಂಚ್, ಬೆಂಕಿ, ಹಾಸಿಗೆ, ಫೋರ್ಜ್ ಎಂಬ ಕಮ್ಮಾರನ ಕುಲುಮೆಯಂಥ ವಸ್ತುಗಳು ಮೂರಾದರೂ ಇದ್ದರೆ ಆಟ ಅದನ್ನು ಬೇಸ್ ಎಂದು ಪರಿಗಣಿಸುತ್ತದೆ. ಒಳನಾಡಿಗೆ ಹೋದರೂ ಅದೇ ಗ್ರೇಡ್ವಾರ್ಫ್, ಅದೇ ಟ್ರೋಲ್. ನಾಲ್ಕು ಕಡೆಯೂ ಭೂಮಿ ಆಗಿ ಕಂದಕ ಇನ್ನೂ ಉದ್ದವಾಗುತ್ತದೆ, ಅಷ್ಟೇ.

ಈ ನಿಯಮದಿಂದಲೇ ಇನ್ನೊಂದು ದಾರಿ ಹುಟ್ಟುತ್ತದೆ. ದಡದಲ್ಲಿ ಮನೆಯೇ ಬೇಡ, ಬರೀ ಧಕ್ಕೆ ಸಾಕು ಎನ್ನುವುದಾದರೆ ಅಲ್ಲಿ ಒಂದು ವರ್ಕ್‌ಬೆಂಚ್, ಒಂದು ಪೋರ್ಟಲ್, ಬೇಕಷ್ಟು ಪೆಟ್ಟಿಗೆ ಮಾತ್ರ ಇಡಿ. ಮೂರರ ಲೆಕ್ಕ ತುಂಬುವುದಿಲ್ಲ, ಅಲ್ಲಿ ನಿಂತಿರುವಾಗ ದಾಳಿ ಶುರುವಾಗುವುದಿಲ್ಲ. ಪೆಟ್ಟಿಗೆ ಈ ಲೆಕ್ಕಕ್ಕೆ ಬರುವುದಿಲ್ಲ. ತೊಂದರೆ ಏನೆಂದರೆ, ಕಬ್ಬಿಣ ಪೋರ್ಟಲ್ ದಾಟದ ಕಾರಣ ಅದಿರನ್ನು ಗಾಡಿಯಲ್ಲಿ ಒಳನಾಡಿಗೆ ಎಳೆಯಬೇಕು. ದಾರಿ ಸಮತಟ್ಟಾಗಿದ್ದು ದೂರ ಕಡಿಮೆಯಿದ್ದರೆ ಇದು ಒಳ್ಳೆಯ ಆಯ್ಕೆ, ನಡುವೆ ಬ್ಲ್ಯಾಕ್ ಫಾರೆಸ್ಟ್ ಇದ್ದರೆ ಬೇಡ.

ಕಟ್ಟುವುದೇ ಖುಷಿ, ಕಾದಾಟ ಬೇಡ ಎನ್ನುವುದಾದರೆ ಆಟದಲ್ಲೇ ಉತ್ತರವಿದೆ. 2023ರಿಂದ ಲೋಕದ ನಿಯಮ ಬದಲಿಸುವ ವರ್ಲ್ಡ್ ಮಾಡಿಫೈಯರ್‌ಗಳು ಬಂದಿವೆ. ದಾಳಿಯನ್ನು ಕಡಿಮೆ ಮಾಡಬಹುದು, ಪೂರ್ತಿ ನಿಲ್ಲಿಸಬಹುದು, ಲೋಹವೂ ಪೋರ್ಟಲ್ ದಾಟುವಂತೆ ಮಾಡಬಹುದು. ಸರ್ವರ್ ನಡೆಸುವವರು ಲೋಕ ಶುರು ಮಾಡುವ ಮುನ್ನ ಬದಲಿಸಿದರಾಯಿತು. ಇದರಲ್ಲಿ ಮೋಸವೇನಿಲ್ಲ. ಆದರೆ ಮೂವರೂ ಒಪ್ಪಿ ಮಾಡಿ, ಏಕೆಂದರೆ ಲೋಹ ಪೋರ್ಟಲ್ ದಾಟಿದ ದಿನದಿಂದ ಹಡಗಿಗೆ ಕೆಲಸ ಕಡಿಮೆಯಾಗುತ್ತದೆ, ಈ ಜೆಟ್ಟಿಯ ಅಗತ್ಯವೂ ಉಳಿಯುವುದಿಲ್ಲ.

ನಿಮ್ಮ ಜಾಗದಲ್ಲಿ ನಾನು ಕೆಲಸವನ್ನು ಈ ಕ್ರಮದಲ್ಲಿ ಹಿಡಿಯುತ್ತೇನೆ. ಮೊದಲು ಪಕ್ಕದ ವರ್ಕ್‌ಬೆಂಚ್‌ಗಳು, ಹತ್ತು ನಿಮಿಷದ ಕೆಲಸ. ನಂತರ ನೀರಂಚಿನ ದಂಡೆ ಎತ್ತರಿಸುವುದು, ಏಕೆಂದರೆ ನಿಮ್ಮ ನಿಜವಾದ ತೂತು ಅದೇ. ಆಮೇಲೆ ಮನೆ ಮಣ್ಣಿನ ಮೇಲಕ್ಕೆ, ಭೂಮಿಯ ಕಡೆಯ ಕಂದಕ ಮತ್ತು ಬಾಗಿಲು. ಜೆಟ್ಟಿ ಕೊನೆಗೆ. ಸ್ವಾಂಪ್‌ನ ದೊಡ್ಡ ಶತ್ರುವಾದ ಬೋನ್‌ಮಾಸ್‌ನನ್ನು ಕೊಲ್ಲುವ ಮುನ್ನ ದಂಡೆಯನ್ನೂ ಕಂದಕವನ್ನೂ ಮುಗಿಸಿರಿ, ಅದಾದ ಮೇಲೆ ಡ್ರಾಗರ್ ಎಂಬ ಜೀವಂತ ಶವಗಳ ದಾಳಿ ಶುರುವಾಗುತ್ತದೆ. ಮುಂದೆ ಬಾವಲಿ, ಡ್ರೇಕ್‌ನಂಥ ಹಾರುವ ಜೀವಿಗಳು ಬಂದಾಗ ಕಂದಕ ಲೆಕ್ಕಕ್ಕಿಲ್ಲ. ಆ ಹೊತ್ತಿಗೆ ಕಲ್ಲಿನ ಗೋಡೆ, ಗಟ್ಟಿ ಚಾವಣಿ, ಕೈಯಲ್ಲಿ ಬಿಲ್ಲು ಇರಬೇಕು.